ಹೂಂ ಅನ್ನದ ಮೈಲಾರಿ

“ತಪ್ಪು ಮೇಡಂ! ಶುದ್ಧ ತಪ್ಪು!”

ರುದ್ರಾಣಿಗೆ ಮೈಯೆಲ್ಲ ಉರಿದುಹೋಯಿತು. ಬಿಳಿಚೋಡಿನ ಗ್ರಂಥಾಲಯಕ್ಕೆ ಕಾಲಿಟ್ಟು ಹತ್ತು ನಿಮಿಷವಾಗಿಲ್ಲ, ಆಗಲೇ ಈ ಲೈಬ್ರರಿಯನ್ ಮೈಲಾರಿ ಅವಳ ಮೂರು ವರ್ಷದ ಸಂಶೋಧನೆಗೆ ಕಲ್ಲು ಹಾಕುತ್ತಿದ್ದಾನೆ!

ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ವಿಡಿಯೊ. ಹೆಂಗಸೊಬ್ಬಳು ಕಂಬಳಿ ನೇಯುತ್ತಾಳೆ, ಅರ್ಧಕ್ಕೇ ಎದ್ದು ಹೋಗುತ್ತಾಳೆ. ‘ಅವಳು ಕಂಬಳಿ ನೇಯ್ದಳು’ ಅಂದರೆ ಸರಿಯೋ ತಪ್ಪೋ? ಅಷ್ಟೇ ಪ್ರಶ್ನೆ.

“ಅರ್ಧ ಕಂಬಳಿ ಇನ್ನೂ ಮಗ್ಗದಾಗೇ ಐತೆ. ನೇಯ್ದಳು ಅಂದ್ರೆ ಹೆಂಗ್ರೀ?”

“ಅದನ್ನೇ ರೀ ನಾನು ಓದ್ತಿರೋದು! ಕೆಲಸ ಮುಗೀತೋ, ಇನ್ನೂ ನಡೀತಿತ್ತೋ... ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಕೊನೆ ಬದಲಾದ್ರೆ ಸಾಕು, ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಇನ್ನೊಂದು ಪದ ಸೇರಿಸಬೇಕು. ನಮ್ಮ ಕನ್ನಡ ಹೆಂಗೆ ಹೇಳುತ್ತೆ ಅನ್ನೋದೇ ಕೊನೇ ಅಧ್ಯಾಯ. ಕೆಲಸ ಮುಗೀದಿದ್ರೂ ‘ನೇಯ್ದಳು’ ಅನ್ನಬಹುದು ಅಂತ ನನ್ನ ಊಹೆ. ಅದಕ್ಕೆ ನಲವತ್ತು ಜನ ಬೇಕು...”

ಹೇಳುತ್ತ ಹೇಳುತ್ತ ಅವಳ ಮುಖ ಬಾಡಿತು. ಮೊದಲನೆಯವನೇ ಹೀಗಂದರೆ ಉಳಿದವರು?

ಆ ಮುಖ ನೋಡಿ ಮೈಲಾರಿಗೆ ಕರುಳು ಚುರುಕ್ ಎಂದಿತು. ‘ಛೆ, ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ನಾನು!’ ಪಾಪ, ಪ್ರೀತಿ ಆಗಲೇ ಶುರುವಾಗಿತ್ತು. ಅವನಿಗೇ ಗೊತ್ತಿರಲಿಲ್ಲ.

ನಲವತ್ತು ಜನರನ್ನೂ ಅವನೇ ಒಪ್ಪಿಸಿದ. ವಾರವಿಡೀ ಒಬ್ಬೊಬ್ಬರೂ ಬಂದು ವಿಡಿಯೊ ನೋಡಿದರು. ಎಲ್ಲರದ್ದೂ ಒಂದೇ ಉತ್ತರ, “ಹೂಂ, ಸರಿ ಐತ್ರೀ.” ರುದ್ರಾಣಿ ಕುಣಿದಾಡುವುದೊಂದು ಬಾಕಿ! ಸಂಜೆ ದಾವಣಗೆರೆ ಬಸ್ಸಿಗೆ ಕಾಯುವಾಗ ಮೈಲಾರಿ ತಂದುಕೊಡುವ ಮಂಡಕ್ಕಿ ಮೆಣಸಿನಕಾಯಿ ದಿನದಿಂದ ದಿನಕ್ಕೆ ರುಚಿಯಾಗುತ್ತಿತ್ತು. ಅವನ ಮಾತೂ.

ಕೊನೆಯವಳು, ಕಂಬಳಿ ನೇಯುವ ದುರುಗಮ್ಮ. ರುದ್ರಾಣಿ ಅವಸರದಲ್ಲಿ ಬೇರೆ ವಿಡಿಯೊ ಹಾಕಿಬಿಟ್ಟಳು. ಗಂಡಸೊಬ್ಬ ರೊಟ್ಟಿ ತಿನ್ನುತ್ತಿದ್ದ.

“ಅವಳು ಕಂಬಳಿ ನೇಯ್ದಳು. ಸರೀನಾ ಅಮ್ಮ?”

“ಹೂಂ, ಸರಿ ಐತವ್ವ.”

“ಅಮ್ಮ... ಇದ್ರಲ್ಲಿ ಕಂಬಳೀನೇ ಇಲ್ವಲ್ಲ!”

“ಇಲ್ದಿದ್ರೇನಾತು? ಮೇಡಂ ದೂರದಿಂದ ಬಂದಾರೆ, ಏನ್ ಕೇಳಿದ್ರೂ ಹೂಂ ಅನ್ರಿ, ಮನಸ್ಸು ನೋಯಿಸಬ್ಯಾಡ್ರಿ ಅಂತ ಮೈಲಾರಿ ಮನೆಮನೆಗೂ ಬಂದು ಹೇಳ್ಯಾನೆ.”

ರುದ್ರಾಣಿಗೆ ನೆಲವೇ ಕುಸಿದಂತಾಯಿತು. ನಲವತ್ತು ‘ಹೂಂ’ಗಳೂ ಸುಳ್ಳು! ಪ್ರಬಂಧ ಒಪ್ಪಿಸಲು ಉಳಿದಿರುವುದು ಇಪ್ಪತ್ತೇ ದಿನ...

“ನನ್ನ ಮೂರು ವರ್ಷ ಹಾಳು ಮಾಡಿದ್ರಿ! ನನ್ನನ್ನ ಆಟ ಆಡಿಸಿದ್ರಿ!” ಎಂದು ಮೈಲಾರಿಯ ಮೇಜಿನ ಮುಂದೆ ಹೋಗಿ ಕೂಗಾಡಿದಳು.

“ಮೇಡಂ, ಹಂಗಲ್ರೀ...”

ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಯ ಮನೆ ಸೇರುವವರೆಗೂ ಬಸ್ಸಿನ ಕಿಟಕಿಗೆ ಮುಖವಿಟ್ಟು ಅತ್ತಳು. ಅಧ್ಯಾಯ ಹೋದದ್ದಕ್ಕೆ ಅರ್ಧ, ಅವನು ಹೀಗೆ ಮಾಡಿದ್ದಕ್ಕೆ ಅರ್ಧ.

ಮೂರನೆಯ ದಿನ ಫೋನ್ ಬಂತು.

“ತಪ್ಪು ನಂದೇ ಮೇಡಂ. ಅವತ್ತು ನಾನು ತಪ್ಪು ಅಂದಾಗ ನಿಮ್ಮ ಮುಖ ಸಣ್ಣಗಾತು. ನನ್ನ ಕೈಲಿ ನೋಡಾಕೆ ಆಗ್ಲಿಲ್ಲ, ಅದಕ್ಕೇ ಹಂಗೆ ಮಾಡಿದೆ. ಇನ್ನೊಂದ್ಸಲ ಬರ್ರಿ. ಪಕ್ಕದ ಊರು ಸೊಕ್ಕೆಯಿಂದ ಹೊಸಬರನ್ನ ಕರಕಂಡು ಬರ್ತೀನಿ. ಈ ಸಲ ಸರೀನಾ ತಪ್ಪಾ ಅಂತ ಕೇಳಾದೇ ಬ್ಯಾಡ. ಒಬ್ರು ವಿಡಿಯೊ ನೋಡಿ, ಬೆನ್ನು ತಿರುಗಿಸಿ ಕುಂತೋರಿಗೆ ಏನಾತು ಅಂತ ಹೇಳ್ಲಿ. ನೋಡದೇ ಇರೋರಿಗೆ ಹೇಳುವಾಗ ಬರೀ ಹೂಂ ಅಂದು ತಪ್ಪಿಸ್ಕಳಾಕೆ ಆಗಲ್ಲ.”

ಸಿಟ್ಟು ಮರೆತು ರುದ್ರಾಣಿ ಎದ್ದು ಕುಳಿತಳು. ಎಲಾ ಇವನ!

ಮರುದಿನ ಗ್ರಂಥಾಲಯದಲ್ಲಿ ದುರುಗಮ್ಮ ಬೆನ್ನು ತಿರುಗಿಸಿ ಕುಳಿತಳು. ಸೊಕ್ಕೆಯ ಸಣ್ಣಪ್ಪ ವಿಡಿಯೊ ನೋಡಿ ಹೇಳಿದ, “ಕಂಬಳಿ ನೇಯಾಕೆ ಕುಂತ್ಲು, ಒಂದಿಷ್ಟು ನೇಯ್ದಳು, ಅರ್ಧಕ್ಕೇ ಬಿಟ್ಟು ಹೋದ್ಲು ಕಣವ್ವ.”

“ಅರ್ಧಕ್ಕಾ? ಎಂಥ ಸೋಮಾರಿ ಹೆಂಗ್ಸು!” ಎಂದು ದುರುಗಮ್ಮ ಬೈದಳು.

ರುದ್ರಾಣಿ ನಗುತ್ತಲೇ ಕಣ್ಣೊರೆಸಿಕೊಂಡಳು. ಯಾರನ್ನೂ ಮೆಚ್ಚಿಸಲು ಆಡಿದ್ದಲ್ಲ, ಇದು ನಿಜವಾದ ಮಾತು! ನಾಲ್ಕು ದಿನದಲ್ಲಿ ಸೊಕ್ಕೆಯ ನಲವತ್ತು ಜನರೂ ಹೇಳಿ ಮುಗಿಸಿದರು. ಮೂರು ವರ್ಷದ ದುಡಿಮೆ ಉಳಿಯಿತು. ಅಬ್ಬಾ, ಎಷ್ಟು ದಿನದ ಮೇಲೆ ಅವಳು ಎದೆತುಂಬ ಉಸಿರೆಳೆದಳೋ!

ಎಲ್ಲರೂ ಹೋದ ಮೇಲೆ ಅವಳೇ ಕೇಳಿದಳು, “ಮೈಲಾರಿ, ನನ್ನ ಮೇಲೆ ಪ್ರೀತಿ ಇದೆಯಾ? ಮನಸ್ಸು ನೋಯಬಾರದು ಅಂತ ಹೂಂ ಅನ್ನಬೇಡಿ ಮತ್ತೆ.”

ಅವನು ಕುರ್ಚಿಯೊಂದನ್ನು ಎಳೆದಿಟ್ಟ. “ಹಂಗಾದ್ರೆ ಬೆನ್ನು ತಿರುಗಿಸಿ ಕೂತ್ಕಳ್ರಿ.”

ರುದ್ರಾಣಿ ತಿರುಗಿ ಕೂತಳು.

“ಒಂದಿನ ಒಬ್ರು ಮೇಡಂ ಬಂದ್ರು. ಲೈಬ್ರರಿಯವನೊಬ್ಬ ಅವರನ್ನ ಅಳಿಸಿ ಕಳಿಸಿದ. ಅವತ್ತಿಂದ ಅವ ಒಂದು ಪುಸ್ತಕ ಕೇಳಿದ್ರೆ ಇನ್ನೊಂದು ಕೊಡ್ತಾನೆ. ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತಿ ನೋಡ್ತಾನೆ...”

“ಈಗಲೂ ಬಾಗಿಲು ನೋಡ್ತಾ ಇದಾನಾ?” ಅವಳು ತಿರುಗದೇ ಕೇಳಿದಳು.

“ಇಲ್ರೀ. ಈಗ ನಿಮ್ಮ ಜಡೆ ನೋಡ್ತಾ ನಿಂತಾನೆ. ಮುಖ ನೋಡಬೇಕು, ದಿನಾ ನೋಡಬೇಕು ಅಂತ ಆಸೆ ಐತೆ.”

ರುದ್ರಾಣಿ ಮೆಲ್ಲಗೆ ತಿರುಗಿದಳು.

“ಹೂಂ,” ಅಂದಳು.

“ನನ್ನ ಮನಸ್ಸು ನೋಯಬಾರದು ಅಂತ ಅಲ್ಲ ತಾನೆ?”

“ಅಲ್ಲ ಕಣೋ...”