ಉಸಿರಿಗೆ ಎರಡು ತೂತು

"ಕೋರೆಹಲ್ಲು ಬೇಕಿತ್ತು."

"ಯಾರಿಗೆ?"

"ರಾಕ್ಷಸನಿಗೆ."

ಹಲ್ಲಿನ ಡಾಕ್ಟರು ಕನ್ನಡಕ ಮೂಗಿನ ತುದಿಗಿಳಿಸಿ, ಎದುರು ನಿಂತ ಆಸಾಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಗಿಲು ತೋರಿಸಲು ಕೈಯನ್ನೂ ಎತ್ತಿದ್ದರು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿ ಕಟ್ಟುಹಲ್ಲು ಮಾಡುತ್ತಿದ್ದ ಹುಡುಗಿ ಬಾಗಿಲ ಸಂದಿಯಿಂದ ತಲೆ ಹಾಕಿ, "ಮೇಲಿನ ದವಡೆಗಾ, ಕೆಳಗಿನದಕ್ಕಾ?" ಎಂದು ಕೇಳಿದಳು. ಕಣ್ಣಲ್ಲಿ ತುಂಟತನ, ಮೂಗಿನ ಮೇಲೆ ಬಿಳಿ ಧೂಳು.

ಅವನು ಬಂದ ಕೆಲಸವನ್ನೇ ಮರೆತು ಆ ಧೂಳನ್ನು ನೋಡುತ್ತಾ ನಿಂತ. "ಎರಡಕ್ಕೂ," ಎಂದ.

ಅಂದಿನಿಂದ ಅವನ ರಾಕ್ಷಸರಿಗೆಲ್ಲ ಅವಳದೇ ಹಲ್ಲು. ಆಮೇಲೆ ಅವಳದೇ ಮೂಗು, ಅವಳದೇ ಕೊಂಬು, ಅವಳದೇ ಮುಖವಾಡ. ತಂಡದವರು ಅವಳನ್ನು ಕೋರೆ ಮೇಡಂ ಅಂದರು. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಡೈರೆಕ್ಟ್ರು ಎಂದೇ.

ಡೈರೆಕ್ಟ್ರು ಅಂದರೆ ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ಹೊಟ್ಟೆಪಾಡಿಗೆ ಫರ್ನಿಚರ್ ಅಂಗಡಿಗಳಿಗೆ ಸೋಫಾ, ಮಂಚಗಳ ವಿಡಿಯೋ ಮಾಡುತ್ತಿದ್ದ. ಜೀವ ಇದ್ದದ್ದು ಮಾತ್ರ 'ಬೂದಿ ನಾಡಿನ ಕಥೆಗಳು' ಎಂಬ ಪುಸ್ತಕಗಳಲ್ಲಿ. ಸ್ಕೂಲಿಗೆ ಹೋಗುವಾಗ ಓದಿದ ಆ ಮಾಯಾಲೋಕವನ್ನು ರಜಾದಿನಗಳಲ್ಲಿ ಗೆಳೆಯರನ್ನು ಕಟ್ಟಿಕೊಂಡು ಸಿನಿಮಾ ಮಾಡಿ, ತನ್ನಂಥ ಹುಚ್ಚು ಅಭಿಮಾನಿಗಳಿಗೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ತೋರಿಸುತ್ತಿದ್ದ. ಪುಕ್ಕಟೆಯೇ ತೋರಿಸಬೇಕು, ಪುಸ್ತಕ ಪ್ರಕಟಿಸಿದವರ ಕಟ್ಟಪ್ಪಣೆ. ಹಾಗಾಗಿ ಕತ್ತಿಗಳು ಥರ್ಮಾಕೋಲಿನವು, ಗುರಾಣಿಗಳು ಪಾತ್ರೆ ಮುಚ್ಚಳಗಳು. ಅಕ್ಕನ ಮನೆಯ ಪರದೆಗಳು ಒಂದೊಂದಾಗಿ ರಾಜರ ನಿಲುವಂಗಿಗಳಾಗಿ ಹೋಗಿದ್ದವು.

"ಬಿಸಿಲು ನೇರ ಮುಖಕ್ಕೆ ಹೊಡೀತಿದೆ ಕಣೋ," ಅಕ್ಕ ಬೈಯುತ್ತಿದ್ದಳು. "ಪರದೆ ಹೋದ್ರೆ ಹೋಗ್ಲಿ. ಆ ಹುಡುಗಿ ಕಣ್ಣೆದುರೇ ಹೋಗ್ಬಿಡ್ತಾಳೆ, ನೀನು ಆ್ಯಂಗಲ್ ನೋಡ್ತಾ ನಿಂತಿರ್ತೀಯ."

ನಿಜಕ್ಕೂ ಹಾಗೇ ಆಯಿತು. ದೂರದ ಊರಿನ ದೊಡ್ಡ ಸಿನಿಮಾ ವರ್ಕ್‌ಶಾಪಿನಲ್ಲಿ ಮುಖವಾಡ ಮಾಡುವ ಕೆಲಸ ಅವಳಿಗೆ ಸಿಕ್ಕಿತು. ಅವಳು ಓಡೋಡಿ ಬಂದು ಹೇಳಿದಾಗ ಅವನ ಎದೆ ಧಸಕ್ಕೆಂದಿತು. ಆದರೂ ಈ ಮಹಾಶಯ ಹೇಳಿದ್ದೇನು ಗೊತ್ತೇ? "ಕಂಗ್ರಾಟ್ಸ್." ಅಷ್ಟೇ! ಹೇಳಿ, ಕೊಳೆಯೇ ಇಲ್ಲದ ಲೆನ್ಸನ್ನು ಒರೆಸುತ್ತಾ ಕುಳಿತ. ಅವಳು ಒಂದು ಗಳಿಗೆ ನಿಂತು ನೋಡಿ, ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಆಮೇಲೆ ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಇಷ್ಟು ಸಾಲದೆಂಬಂತೆ ಮಣ್ಣಿನ ರಾಜನ ಪಾತ್ರ ಮಾಡುತ್ತಿದ್ದವನು ಕೈಕೊಟ್ಟ. ಬಿರುಕು ಬಿಟ್ಟ ಮಣ್ಣಿನ ಮುಖದ ಆ ರಾಜನಿಲ್ಲದೆ ಸಿನಿಮಾವೇ ಇಲ್ಲ. ಅಷ್ಟು ಎತ್ತರದವರು ತಂಡದಲ್ಲಿ ಇನ್ನು ಡೈರೆಕ್ಟ್ರು ಒಬ್ಬರೇ.

"ಭಾನುವಾರ ಹಲ್ಲಿನ ಲ್ಯಾಬಿಗೆ ಬನ್ನಿ, ನಿಮ್ಮ ಮುಖದ ಅಚ್ಚು ತೆಗೀತೀನಿ," ಎಂದಳು ಅವಳು, ಅವನ ಮುಖ ನೋಡದೆ. "ಮಂಗಳವಾರ ನಾನು ಹೊರಡ್ತೀನಿ. ಅಷ್ಟರೊಳಗೆ ಮುಖವಾಡ ಮಾಡಿಕೊಟ್ಟಿರ್ತೀನಿ. ಆಮೇಲೆ ನಾನಿಲ್ದಿದ್ರೂ ನಿಮ್ಮ ಕೆಲಸ ನಿಲ್ಲಲ್ಲ."

ನಾನಿಲ್ದಿದ್ರೂ ಎಂಬ ಮಾತು ಅವನಿಗೆ ನಾಟಿತು. ಆದರೆ ಬಾಯಿಂದ ಬಂದದ್ದು "ಸರಿ" ಮಾತ್ರ.

ಅವನಿಗೆ ಇನ್ನೊಂದು ಭಯವೂ ಇತ್ತು. ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ಕಬ್ಬಿಣದ ಪೆಟ್ಟಿಗೆಯೊಳಗೆ ಅಡಗಿದ್ದ, ಹೊರಗಿನ ಚಿಲಕ ತಾನಾಗಿ ಬಿದ್ದುಕೊಂಡಿತ್ತು. ಅಕ್ಕ ಹುಡುಕಿ ತೆಗೆಯುವಷ್ಟರಲ್ಲಿ ಹುಡುಗ ನೀಲಿಗಟ್ಟಿದ್ದ. ಇಂದಿಗೂ ತಲೆಯ ಮೇಲೆ ಹೊದಿಕೆ ಎಳೆದುಕೊಂಡವನಲ್ಲ. ಉಳಿದವರ ಮುಖಕ್ಕೆ ಅವಳು ಅಚ್ಚು ಹಾಕುವಾಗಲೆಲ್ಲ ಏನೋ ನೆಪ ಹೇಳಿ ಬೀದಿಗೆ ಹೋಗಿ ನಿಲ್ಲುತ್ತಿದ್ದ. ಅವಳಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಏನಂದುಕೊಂಡಾಳು ಎಂಬುದು ಮತ್ತೊಂದು ಭಯ.

ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಪಾಟಿನ ಉದ್ದಕ್ಕೂ ಸಾಲಾಗಿ ಇಟ್ಟ ಪ್ಲಾಸ್ಟರ್ ದವಡೆಗಳು ಅವನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಅವಳು ಅವನನ್ನು ಕುರ್ಚಿಯಲ್ಲಿ ಒರಗಿಸಿ, ಕೂದಲಿಗೆ ಪ್ಲಾಸ್ಟಿಕ್ ಸುತ್ತಿ, ಹುಬ್ಬಿಗೆ ವ್ಯಾಸಲೀನ್ ಸವರಿದಳು. ಬೆರಳುಗಳು ತಣ್ಣಗಿದ್ದವು. ಇಷ್ಟು ಹತ್ತಿರ ಅವಳು ಎಂದೂ ಬಂದಿರಲಿಲ್ಲ. ಅವಳ ರೆಪ್ಪೆ ಬಡಿಯುವುದು, ಕೆಳತುಟಿ ಕಚ್ಚಿಕೊಂಡಿರುವುದು, ಕತ್ತಿನ ಬಳಿ ಸಣ್ಣಗೆ ಬೆವರಿರುವುದು, ಎಲ್ಲ ಕಾಣುತ್ತಿತ್ತು.

"ಏನು ಹಾಗೆ ನೋಡ್ತೀರಿ?"

"ಇಲ್ಲ... ಲೈಟ್ ಚೆನ್ನಾಗಿದೆ."

"ಲೈಟಂತೆ!" ಅವಳು ಮುಖ ತಿರುಗಿಸಿ ಪುಡಿಗೆ ನೀರು ಬೆರೆಸತೊಡಗಿದಳು. ಹಲ್ಲಿನ ಅಳತೆ ತೆಗೆಯುವ ಗುಲಾಬಿ ಬಣ್ಣದ ಪುಡಿ. "ಇದನ್ನ ಮುಖಕ್ಕೆಲ್ಲ ಮೆತ್ತಿ, ಮೇಲೆ ಪ್ಲಾಸ್ಟರ್ ಪಟ್ಟಿ ಹಾಕ್ತೀನಿ. ಮೂಗಿನ ಹೊಳ್ಳೆ ಎರಡು ಬಿಟ್ಟು ಎಲ್ಲಾ ಮುಚ್ಚಿರುತ್ತೆ. ಗಟ್ಟಿಯಾಗೋವರೆಗೂ ಮಾತಾಡಂಗಿಲ್ಲ, ನಗಂಗಿಲ್ಲ. ಕಷ್ಟ ಅನ್ನಿಸಿದ್ರೆ ಕೈ ಎತ್ತಿ, ಕಿತ್ತು ಹಾಕ್ತೀನಿ. ಆದ್ರೆ ಇರೋದು ಇಷ್ಟೇ ಪುಡಿ. ಹೊಸದು ಬರೋದು ನಾನು ಹೋದ್ಮೇಲೆ."

ಕೈ ಎತ್ತಿದರೆ ರಾಜ ಇಲ್ಲ, ರಾಜ ಇಲ್ಲದಿದ್ದರೆ ಸಿನಿಮಾ ಇಲ್ಲ. ಅವನು ತಲೆಯಾಡಿಸಿದ.

ಮೊದಲು ಹಣೆ ಹೋಯಿತು, ಆಮೇಲೆ ಕಣ್ಣು, ಬಾಯಿ. ಕೊನೆಗೆ ಕಿವಿಯ ಅಂಚಿನವರೆಗೂ ಆ ತಣ್ಣನೆಯ ಲೋಳೆ ಬಂದು ನಿಂತಿತು. ಪ್ಲಾಸ್ಟರ್ ಪಟ್ಟಿಗಳ ಭಾರ ಒಂದೊಂದಾಗಿ ಏರಿತು.

ಕತ್ತಲೆ.

ಎದೆ ಡವಡವ ಹೊಡೆದುಕೊಳ್ಳತೊಡಗಿತು. ಮೂಗಿನಿಂದ ಬರುವ ಗಾಳಿ ಸಾಲುತ್ತಿಲ್ಲ ಅನ್ನಿಸಿತು. ಮತ್ತೆ ಆ ಪೆಟ್ಟಿಗೆ, ಮತ್ತೆ ಆ ತುಕ್ಕಿನ ವಾಸನೆ. ಇಲ್ಲ, ಇದು ಲ್ಯಾಬು, ಇದು ಕುರ್ಚಿ, ಹೊರಗೆ ಅವಳಿದ್ದಾಳೆ. ಇದ್ದಾಳಾ? ಸದ್ದೇ ಇಲ್ಲವಲ್ಲ! ಅವನು ಕುರುಡನಂತೆ ಕೈ ಚಾಚಿದ. ಬಟ್ಟೆಯ ಅಂಚೊಂದು ಸಿಕ್ಕಿತು. ಅವಳ ಏಪ್ರನ್. ಅದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

ಅವಳು ಮೆಲ್ಲಗೆ, "ಇಲ್ಲೇ ಇದೀನಿ," ಎಂದಳು. "ನಿಮ್ಮ ಅಕ್ಕ ಹೇಳಿದಾರೆ, ಆ ಪೆಟ್ಟಿಗೆ ವಿಷಯ. ಜೋಪಾನ ಮಾಡು ಅಂದ್ರು. ನಾನು ಮಾತಾಡ್ತಾ ಇರ್ತೀನಿ, ನೀವು ನನ್ನ ದನಿ ಹಿಡ್ಕೊಂಡಿರಿ."

ಅವಳು ಮಾತಾಡಿದಳು. ಡಾಕ್ಟರು ಕೋರೆಹಲ್ಲು ಕಂಡು ಹೌಹಾರಿದ್ದು, ಹೊಸ ಊರಲ್ಲಿ ಬಾಡಿಗೆಗೆ ನೋಡಿದ ಕೋಣೆಗೆ ಕಿಟಕಿಯೇ ಇಲ್ಲದಿರುವುದು. ಅವನ ಉಸಿರು ತಹಬದಿಗೆ ಬಂತು. ಅಷ್ಟರಲ್ಲಿ ಅವಳ ದನಿ ಬದಲಾಯಿತು.

"ನನ್ನ ಮುಖವಾಡಗಳ ಫೋಟೋ ಆ ವರ್ಕ್‌ಶಾಪಿಗೆ ಯಾರು ಕಳಿಸಿದ್ದು ಅಂತ ನಂಗೊತ್ತು. ನೀವೇ. ಅವ್ರೇ ಹೇಳಿದ್ರು." ಒಂದು ಪಟ್ಟಿ ಒದ್ದೆ ಮಾಡುವ ಸದ್ದು. "ಕಂಗ್ರಾಟ್ಸ್ ಅಂದ್ರಲ್ಲ, ಅದಕ್ಕಿಂತ ಇದೇ ಜಾಸ್ತಿ ನೋವಾಗಿದ್ದು. ನನ್ನ ಸಾಗಹಾಕೋಕೆ ಅಷ್ಟು ಆತುರ ಇತ್ತಾ ನಿಮಗೆ? ಒಂದ್ ಮಾತು ಹೇಳಿದ್ರೆ ನಾನೇ ದೂರ ಇರ್ತಿದ್ದೆನಲ್ಲ. ಏನೋ ನಾನೇ ಹುಚ್ಚಿ ಥರ... ಹೋಗ್ಲಿ ಬಿಡಿ. ಈಗ ನೀವು ಉತ್ತರ ಕೊಡಂಗಿಲ್ಲ ಅಂತಾನೇ ಧೈರ್ಯವಾಗಿ ಹೇಳಿದೆ."

ಅಯ್ಯೋ ಎಂದು ಕಿರುಚಬೇಕೆನಿಸಿತು ಅವನಿಗೆ. ತುಟಿ ಅಲುಗಲಿಲ್ಲ. ಏಪ್ರನ್ನು ಕೈಯಿಂದ ಜಾರಿತು. ಅವಳು ಪಾತ್ರೆ ತೊಳೆಯಲು ನಲ್ಲಿಯ ಕಡೆ ನಡೆಯುವ ಹೆಜ್ಜೆ ಕೇಳಿಸಿತು. ಇದು ಗಟ್ಟಿಯಾಗುವಷ್ಟರಲ್ಲಿ ಅವಳ ಮನಸ್ಸೂ ಗಟ್ಟಿಯಾಗುತ್ತದೆ. ಆಮೇಲೆ ಅವಳು ಎಂದಿನಂತೆ ನಗುತ್ತಾಳೆ, ಇವನು ಎಂದಿನಂತೆ ಲೆನ್ಸ್ ಒರೆಸುತ್ತಾನೆ, ಮಂಗಳವಾರ ಬರುತ್ತದೆ. ಆ ಭಯದ ಮುಂದೆ ಕಬ್ಬಿಣದ ಪೆಟ್ಟಿಗೆ ಏನೇನೂ ಅಲ್ಲ ಅನ್ನಿಸಿತು.

ಅವನು ಕೈ ಎತ್ತಿದ.

"ಅಯ್ಯಯ್ಯೋ!" ಪಾತ್ರೆ ದಡಾರನೆ ಬಿತ್ತು. ಅವಳು ಓಡಿಬಂದು ಅಂಚಿಗೆ ಬೆರಳು ಹಾಕಿ ಒಂದೇ ಏಟಿಗೆ ಕಿತ್ತಳು. ಇನ್ನೂ ಹಸಿಯಿದ್ದ ಅಚ್ಚು ಬಾಯಿಯ ಹತ್ತಿರ ಹರಿದು ಎರಡು ಹೋಳಾಗಿ ನೆಲಕ್ಕೆ ಬಿತ್ತು. "ಉಸಿರು ಕಟ್ತಾ? ಮಾತಾಡಿ! ದಮ್ಮಯ್ಯ, ಮಾತಾಡ್ರೀ!"

ಹುಬ್ಬು, ಗಲ್ಲದ ತುಂಬಾ ಗುಲಾಬಿ ಲೋಳೆ ಅಂಟಿಸಿಕೊಂಡು ಅವನು ಕಣ್ಣು ಬಿಟ್ಟ. "ಉಸಿರು ಸರಿಯಾಗೇ ಇತ್ತು."

"ಮತ್ಯಾಕೆ ಕೈ ಎತ್ತಿದ್ರಿ? ನನ್ನ ಜೀವ ಬಾಯಿಗೆ ಬಂತು! ಪುಡಿ ಪೂರ್ತಿ ಖಾಲಿ. ಸಿನಿಮಾ ಗತಿಯೇನು ಈಗ?"

"ಉತ್ತರ ಕೊಡ್ಬೇಕಿತ್ತು." ಅವನು ಎದ್ದು ಕುಳಿತ. "ಸಾಗಹಾಕೋಕಲ್ಲ ಕಳಿಸಿದ್ದು. ನಿಮ್ಮ ಕೈಯಲ್ಲಿರೋ ವಿದ್ಯೆ ನಮ್ಮಕ್ಕನ ಪರದೆಗಳ ಮಧ್ಯೆ ಕೊಳೀಬಾರ್ದು ಅನ್ನಿಸ್ತು. ಕಳಿಸಿದ್ಮೇಲೆ ದಿನಾ ಬೇಡ್ಕೊಂಡೆ, ಆ ಕೆಲಸ ಸಿಗದೇ ಇರ್ಲಪ್ಪಾ ಅಂತ. ಅಷ್ಟು ಕೆಟ್ಟವನು ನಾನು. ನೀವಂದ್ರೆ ನಂಗೆ ಪ್ರಾಣ. ಹೇಳಿದ್ರೆ ಎಲ್ಲಿ ನಕ್ಕುಬಿಡ್ತೀರೋ, ಇಲ್ಲಾ ಪಾಪ ಅಂತ ಕೆಲಸ ಬಿಟ್ಟು ಇಲ್ಲೇ ಉಳಿದುಬಿಡ್ತೀರೋ ಅಂತ ಹೆದರಿಕೆ. ಎರಡಕ್ಕೂ ಹೆದರಿಕೆ."

ಅವಳು ಬಗ್ಗಿ ಹರಿದ ಅಚ್ಚನ್ನು ಎತ್ತಿ ಮೇಜಿನ ಮೇಲಿಟ್ಟಳು. ಬಟ್ಟೆ ಒದ್ದೆ ಮಾಡಿ ತಂದು ಅವನ ಹಣೆ ಒರೆಸತೊಡಗಿದಳು. ಮುಖದಲ್ಲಿ ಏನೂ ಕಾಣದು.

"ಏನಾದ್ರೂ ಹೇಳ್ರೀ. ಭಯ ಆಗ್ತಿದೆ."

"ಆಗ್ಲಿ." ಹುಬ್ಬಿಗಂಟಿದ ತುಣುಕನ್ನು ಬೇಕೆಂದೇ ಚುರುಕ್ಕೆನ್ನುವಂತೆ ಎಳೆದಳು. "ಕಂಗ್ರಾಟ್ಸ್ ಅಂದ ದಿನದಿಂದ ನಾನು ಇದನ್ನೇ ಅನುಭವಿಸ್ತಿದೀನಿ. ಸ್ವಲ್ಪ ಹೊತ್ತು ನೀವೂ ಅನುಭವಿಸಿ."

"ಆ..."

"ಸುಮ್ನಿರಿ. ಕೆಲಸಕ್ಕೆ ನಾನು ಹೋಗೇ ಹೋಗ್ತೀನಿ."

"ಹೋಗ್ಲೇಬೇಕು."

"ಆದ್ರೆ ಮುಖವಾಡ ಹಾಳು ಮಾಡ್ಕೊಂಡ್ರಲ್ಲ ದಡ್ಡ್ರು, ಇನ್ಮೇಲೆ ಪ್ರತಿ ಶೂಟಿಂಗಿಗೂ ರಾಜನ ಮುಖಕ್ಕೆ ಕೈಯಾರೆ ಮಣ್ಣು ಬಳೀಬೇಕು. ಬೇರೆ ಯಾರಿಗಾದ್ರೂ ಬರುತ್ತಾ ಆ ಕೆಲಸ? ಶನಿವಾರ ಸಂಜೆ ನಾನು ಬರೋ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದೊಡನೆ ಪುಕ್ಕಲು ಮನಸ್ಸು ಮುಂದಿನ ಭಯ ಹುಡುಕಿಕೊಂಡಿತು. "ಮತ್ತೆ... ಸಿನಿಮಾ ಮುಗಿದ್ಮೇಲೆ?"

ಅವಳು ಒರೆಸುವುದನ್ನು ನಿಲ್ಲಿಸಿದಳು. ಕಣ್ಣಂಚಲ್ಲಿ ನೀರಿತ್ತು, ತುಟಿಯಂಚಲ್ಲಿ ನಗು. ಎರಡೂ ಅಂಗೈಯಲ್ಲಿ ಅವನ ಒದ್ದೆ ಮುಖವನ್ನು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅದನ್ನ ಮುಗಿಸೋಕೆ ನಿಮ್ಮನ್ನ ಯಾರು ಬಿಡ್ತಾರೆ?" ಎಂದಳು.