ಹೆಟ್ಟಿ ಹೊಲಿದ ಕೋಟು

"ಒಂದಿನ ವೇಷಕ್ಕೆ ಹಾಕ್ಕೋ, ಸಂಜೆಗೆ ಬಿಚ್ಚಾಕು. ದಿನಾ ಮಾತ್ರ ಹಾಕ್ಕೋಬೇಡ ಕಣಪ್ಪಾ," ಎಂದಳು ದರ್ಜಿ ಮುದುಕಿ ಮರ್ಟಲ್, ಹಳೆಯ ಕೋಟೊಂದನ್ನು ಮುಂದೆ ಹಿಡಿದು.

ವೇಷ! ಡೂಗಲ್‌ಗೆ ಮೈಯೆಲ್ಲ ಉರಿಯಿತು. ಸ್ಟೀಮ್‌ಪಂಕ್ ಎಂಬ, ಉಗಿಯಂತ್ರ ಕಾಲದ ಶೈಲಿಯ ಬಟ್ಟೆಯ ಹುಚ್ಚಿಗೆಂದೇ ಹೆಂಡತಿ ನೆರಿಡಾಳ ಜೊತೆ ಕಡಲತಡಿಯ ಓಮರು ಊರಿಗೆ ಬಂದು ನೆಲೆಸಿದವನು ಅವನು. ಇಲ್ಲಿಯವರು ಹಿತ್ತಾಳೆಯ ಹಲ್ಲುಚಕ್ರ ಹೊಲಿದ ಕೋಟು, ಕಪ್ಪು ಕನ್ನಡಕ ಸುತ್ತಿದ ಎತ್ತರದ ಟೋಪಿ ತೊಟ್ಟೇ ಹಾಲು ತರುತ್ತಾರೆ, ಹುಲ್ಲು ಕತ್ತರಿಸುತ್ತಾರೆ. ಪಕ್ಕದ ಮನೆ ಬಾರ್ನಬಿಯ ಕೋಟು ಮೊಣಕೈ ಸವೆದು ಮಿರಿಮಿರಿ ಮಿಂಚುತ್ತಿತ್ತು. ಆ ಸವೆತ ಕಂಡರೆ ಡೂಗಲ್‌ಗೆ ಹೊಟ್ಟೆಕಿಚ್ಚು. ಇವನ ಹೊಸ ಕೋಟು ನೋಡಿದವರೋ, "ಏನ್ ಗುರೂ, ಪಾರ್ಟಿ ಎಲ್ಲಿ?" ಎನ್ನುತ್ತಿದ್ದರು.

"ಅಜ್ಜೀ, ನಾನು ವೇಷ ಹಾಕೋನಲ್ಲ. ನಂಗಿದು ಬಟ್ಟೆ. ಇದೇನು, ಕಚ್ಚುತ್ತಾ?"

"ಸತ್ತ ಹೆಟ್ಟಿ ಅವಳ ಗಂಡಂಗೆ ಹೊಲಿದಿದ್ದು ಕಣೋ. ಅವನ ಮೈ ಇನ್ನೊಬ್ಳು ಮುಟ್ಟಬಾರ್ದು ಅಂತ ಅಸ್ತರಿನೊಳಗೆ ತನ್ನ ಕೂದಲಿಟ್ಟು, ಮಾಟ ಮಾಡಿ ಹೊಲಿದ್ಲು. ದಿನಾ ಹಾಕ್ಕೊಳ್ಳೋನ್ನ ಅದು ಗಂಡ ಅಂದ್ಕೊಳ್ಳುತ್ತೆ."

"ಆಗ್ಲಿ ಬಿಡಿ, ನಂಗೂ ಎರಡನೇ ಸಂಸಾರ!" ಡೂಗಲ್ ನಗುತ್ತ ಕೋಟು ಹೆಗಲಿಗೇರಿಸಿದ.

ಅಳತೆ ತೆಗೆದು ಹೊಲಿದಂತೆ ಕೂತಿತು. ಬಾರ್ನಬಿಯೇ ತೋಳು ಸವರಿ ಕರುಬಿದ: "ಹುಟ್ಟುವಾಗ್ಲೇ ತೊಟ್ಕೊಂಡ್ ಬಂದ್ಯೇನೋ?" ಅಂದಿನಿಂದ ಡೂಗಲ್ ಅದನ್ನು ಬಿಚ್ಚುವುದೇ ಅಪರೂಪವಾಯಿತು.

ಮೊದಲು ಅವನ ಉಳಿದ ಅಂಗಿಗಳು ಬೀರುವಿನೊಳಗೇ ಚಿಂದಿಯಾದವು. ಇಲಿ ಇರಬೇಕೆಂದು ಬೋನು ಇಟ್ಟರು. ಆಮೇಲೆ ನೆರಿಡಾ ಹೆಣೆದುಕೊಟ್ಟ ಮಫ್ಲರ್ ಎಳೆಎಳೆಯಾಗಿ ಬಿಚ್ಚಿಹೋಯಿತು. ಒಮ್ಮೆ ಚಹಾ ಕೊಡುತ್ತ ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಚುಳ್ ಎಂದಿತು. ಅಂಗೈ ತುಂಬ ರಕ್ತ.

"ನಿನ್ ಕೋಟಿಗೆ ನನ್ನ ಕಂಡ್ರೆ ಆಗಲ್ಲ ಕಣೋ. ಸವತಿ ಥರ ಆಡುತ್ತೆ."

"ಗುಂಡಿ ತಾಗಿರುತ್ತೆ ಕಣೇ. ಬಟ್ಟೆಗೂ ಹೊಟ್ಟೆಕಿಚ್ಚು ಪಡ್ತೀಯಲ್ಲ!"

ಅದೇ ವಾರದ ಒಂದು ಮುಸ್ಸಂಜೆ. ದಡಕ್ಕೆ ಹತ್ತುತ್ತಿದ್ದ ಪೆಂಗ್ವಿನ್‌ಗಳ ಕರ್ಕಶ ಕೂಗು ಸುಣ್ಣಕಲ್ಲಿನ ಗೋಡೆ ದಾಟಿ ಒಳಗೆ ಬರುತ್ತಿತ್ತು. ದೀಪ ಹಚ್ಚಿರಲಿಲ್ಲ. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ನೆರಿಡಾ ಕತ್ತಿಯನ್ನು ಪಕ್ಕದ ಮೇಜಿನ ಮೇಲಿಟ್ಟು, "ಇವತ್ತು ಅದೋ ನಾನೋ, ನೋಡೇ ಬಿಡೋಣ," ಎಂದು ನಗುತ್ತ, ಒಲೆಯ ಬಳಿ ನಿಂತಿದ್ದ ಗಂಡನನ್ನು ಬಿಗಿಯಾಗಿ ತಬ್ಬಿದಳು.

ಕರ್ಪೂರದ ವಾಸನೆ ಎದ್ದಿತು. ಅದರೊಳಗೆ ಹಳೆಯ ತಲೆಯೆಣ್ಣೆಯ ಕಮಟು. ಯಾರೋ ಹೆಂಗಸಿನ ಬೆವರು. ಎದೆಯ ಮೇಲಿನ ಹಲ್ಲುಚಕ್ರಗಳು ತಿರುಗತೊಡಗಿದವು. ಕರ್. ಕರ್ರ್. ತೋಳು ಮೇಲೆದ್ದಿತು. ಡೂಗಲ್ ಎತ್ತಿರಲಿಲ್ಲ. ಬೆರಳುಗಳು ನೆರಿಡಾಳ ಕುತ್ತಿಗೆ ಹುಡುಕಿದವು. ಸಿಕ್ಕಿತು. ಬಿಗಿಯಿತು.

"ಬಿಡೋ... ಡೂಗಲ್..."

"ನಾನಲ್ಲ ಕಣೇ! ನಾನಲ್ಲ! ಕತ್ತರಿಸು ಇದನ್ನ!"

ಮೇಜಿನ ಮೇಲೆ ತಡಕಾಡಿದ ಅವಳ ಕೈಗೆ ಮೀನಿನ ಕತ್ತಿ ಸಿಕ್ಕಿತು. ಬೆನ್ನ ಹೊಲಿಗೆಗೆ ಹಾಕಿ ಸೀಳಿದಳು. ಒಳಗಿಂದ ಕೂದಲು. ಬಿಳಿ ಕೂದಲು. ಒದ್ದೆ ಕೂದಲು. ಮಾರುಗಟ್ಟಲೆ ಸುರಿಯಿತು. ಕಿತ್ತಳು, ಎಳೆದಳು, ಕೋಟನ್ನೆಲ್ಲ ಸೇರಿಸಿ ಒಲೆಗೆ ತುರುಕಿದಳು. ಒಲೆಯೊಳಗೆ ಹೆಂಗಸೊಬ್ಬಳು ಕಿರುಚಿದಳು. ಆಮೇಲೆ ಬೂದಿ.

ಡೂಗಲ್ ಬರಿಮೈಯಲ್ಲಿ ಒಲೆಯ ಕಡೆ ಮುಖ ಮಾಡಿ ಕುಸಿದು ಕೂತ. ಮೈಮೇಲೆ ಒಂದು ಗೀರೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಗು ಬಂತು.

"ಬದುಕ್ಕೊಂಡ್ವಿ ಮಾರಾಯ್ತಿ! ಇನ್ನೂ ಯಾಕೆ ದೂರ ನಿಂತಿದೀಯ? ಬಾ, ಬೆನ್ನ ಮೇಲೆ ಒಂದ್ಸಲ ಕೈ ಇಡು."

ಬೆನ್ನಿಗೆ ಏನೂ ತಾಗಲಿಲ್ಲ. ಅವನ ಕಿವಿಯ ಹಿಂದೆಯೇ ನೆರಿಡಾಳ ಬಿಕ್ಕು ನಿಂತಿತು.

"ಆಗ್ಲಿಂದ ನಿನ್ನ ತಬ್ಕೊಂಡೇ ಕೂತಿದೀನಲ್ಲೋ..."