ಈರಸಂಗಪ್ಪ ಕಾಪಿಟ್ಟ ದನಿ

“ತಂಗಿ, ಚಾಕ್ಕ ಸಕ್ರಿ ಒಂಚೂರು ಜಾಸ್ತಿ ಹಾಕವಾ.”

ಮಾತು ಬಂದದ್ದು ಮುದುಕನ ಬಾಯಿಂದಲ್ಲ, ಅವನ ಎದೆಯ ಮೇಲಿದ್ದ ಬಿಲ್ಲೆಯಿಂದ. ಕ್ಯಾನ್ಸರಿಗೆ ಗಂಟಲು ಒಪ್ಪಿಸಿದ ಆ ರೋಗಿ ಬೆರಳಿನಿಂದ ಅಕ್ಷರ ಒತ್ತುತ್ತಿದ್ದ. ಬಿಲ್ಲೆ ಅವನದೇ ಹಳೆಯ ದನಿಯಲ್ಲಿ ಆಡಿ ತೋರಿಸುತ್ತಿತ್ತು. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದ ಈರಸಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಮರುದಿನ ಅವನ ಗಂಟಲಿಗೂ ಕತ್ತಿ ಬೀಳುವುದಿತ್ತು.

ಜಮಖಂಡಿ ಸೀಮೆಯಲ್ಲಿ ಕುಸ್ತಿ ಎಂದರೆ ಈರಸಂಗಪ್ಪನ ಕೂಗು. ಲೋಕವೆಲ್ಲ ಯಂತ್ರದ ಕೈಗೆ ಹೋಗಿದ್ದ ಆ ಕಾಲದಲ್ಲೂ ಮಣ್ಣಿನ ಕಣದಲ್ಲಿ ಜೋಡಿಗಳ ಹೆಸರು ಕೂಗಲು ಮನುಷ್ಯನೇ ಬೇಕಿತ್ತು. ಹೆಸರು ಕೂಗಿದಾಗ ಮಂದಿ “ಹೋ” ಎನ್ನಬೇಕು. ಎನ್ನದಿದ್ದರೆ ಕೇಳಿಸಿಲ್ಲವೆಂದೇ ಲೆಕ್ಕ. ಮತ್ತೆ ಕೂಗಬೇಕು, ಇನ್ನೊಂದು ಪಟ್ಟು ಏರಿಸಿ.

ಆ ಬಿಲ್ಲೆಗೆ ದನಿ ತುಂಬಲು ಡಾಕ್ಟರ್ ನಫೀಸಾ ಮುಲ್ಲಾ ರೂಪಿಸಿದ ಧ್ವನಿಕೋಶಕ್ಕೆ ಒಂದಷ್ಟು ವಾಕ್ಯ ಓದಿಕೊಟ್ಟರೆ ಸಾಕು. ಉಸಿರು ಎಲ್ಲಿ ನಿಲ್ಲುತ್ತದೆ, ದನಿ ಎಲ್ಲಿ ಏರುತ್ತದೆ ಎಂಬುದನ್ನು ಕಲಿತು, ಆಮೇಲೆ ಯಾವ ಮಾತನ್ನಾದರೂ ಅದೇ ಕಂಠದಲ್ಲಿ ಆಡುತ್ತದೆ. ಹಿಂದಿನ ದಿನ ಈರಸಂಗಪ್ಪ ಅರ್ಧ ಓದಿದ್ದ. ಪ್ರತಿ ವಾಕ್ಯ ಯಂತ್ರದಲ್ಲಿ ಉಳಿದಾಗಲೂ ಪರದೆಯ ಮೇಲೆ ಹಸಿರು ಗುರುತು ಮೂಡುತ್ತಿತ್ತು. ಅದನ್ನು ನೋಡಿ ಅವನು ಮುಂದಕ್ಕೆ ಹೋಗುತ್ತಿದ್ದ. ಈ ದಿನ ಬರುವಷ್ಟರಲ್ಲಿ ಯಂತ್ರಕ್ಕೆ ಹೊಸ ಆವೃತ್ತಿ ಬಂದು ಕೂತಿತ್ತು. ಬುದ್ಧಿವಂತರು ಸುಧಾರಣೆಗೆ ಇಳಿದರೆ ಚೆನ್ನಾಗಿದ್ದುದನ್ನೇ ಮೊದಲು ಕಿತ್ತುಹಾಕುತ್ತಾರೆ.

“ಓದಕೋತ ಹೋಗ್ರಿ ಯಜಮಾನ್ರ, ಅದು ತಾನ ಉಳಿಸಿಕೊಳ್ತದ. ಹಸಿರು ಗುರುತು ಬ್ಯಾಡಂತ ತಗದೇವಿ,” ಎಂದು ಹೇಳಿ ನಫೀಸಾ ಬಾಗಿಲು ಹಾಕಿಕೊಂಡು ಹೋದಳು. ಒಂದೇ ವಾಕ್ಯವನ್ನು ಮತ್ತೆ ಓದಿದರೆ ಯಂತ್ರ ಅದನ್ನು ತಿದ್ದುಪಡಿ ಎಂದು ತಿಳಿದು ಹಿಂದಿನದನ್ನು ಅಳಿಸುತ್ತದೆಂದು ಹೇಳಲು ಮರೆತಳು.

ಈರಸಂಗಪ್ಪ ಓದಿದ. ಪರದೆ ಮಿಸುಕಲಿಲ್ಲ. “ಉಳೀತೇನ್ರಿ?” ಎಂದು ಪರದೆಯನ್ನೇ ಕೇಳಿದ. ತಾನೇ ಉಳಿಯುತ್ತದೆಂದು ಡಾಕ್ಟರು ಹೇಳಿದ್ದೇನೋ ನಿಜ, ಆದರೆ ಎದೆ ಒಪ್ಪಬೇಕಲ್ಲ! ಮತ್ತೆ ಓದಿದ, ಏರುದನಿಯಲ್ಲಿ. ಹೋ ಎನ್ನುವವರು ಯಾರೂ ಇರಲಿಲ್ಲ. ನಿನ್ನೆಯದಾದರೂ ಉಳಿದಿದೆಯೋ ಇಲ್ಲವೋ ಎಂಬ ಹೆದರಿಕೆ ಹೊಕ್ಕಿತು. ಮೊದಲಿನಿಂದ ಎಲ್ಲವನ್ನೂ ಓದಿದ. ಗಂಟಲು ಒಡೆಯುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ಓದಿದ. ನಾಳೆಗೆ ಈ ದನಿ ಇರುವುದಿಲ್ಲ, ಯಾರನ್ನು ಕೇಳುವುದು?

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಗಾಯ ಮಾಗಿದ ಮೇಲೆ ಎದೆಗೆ ಬಿಲ್ಲೆ ಬಂತು. ಈರಸಂಗಪ್ಪ ಹೆಂಡತಿಯ ಕಡೆ ನೋಡಿ ಅಕ್ಷರ ಒತ್ತಿದ.

“ನೀಲವ್ವಾ, ಊಟ ಆತೇನ?”

ದನಿ ಅವನದೇ, ಸಂಶಯವಿಲ್ಲ. ಆದರೆ ಬಾವಿಗೆ ಬಿದ್ದವನು ಮೇಲಿದ್ದವರನ್ನು ಕೂಗಿದ ಹಾಗಿತ್ತು.

“ಯಾಕ್ರೀ? ಏನಾತ್ರಿ?” ನೀಲವ್ವ ಎದ್ದೇ ನಿಂತಳು.

ನಫೀಸಾ ಯಂತ್ರ ತೆರೆದು ನೋಡಿದಳು. ಪ್ರತಿ ವಾಕ್ಯದ್ದೂ ಕೊನೆಯ ಓದು, ಹೆದರಿ ಕೂಗಿ ಓದಿದ್ದು ಮಾತ್ರ ಉಳಿದಿತ್ತು. ತಾನು ಹೇಳಲು ಮರೆತದ್ದು ಅವಳಿಗೆ ಈಗ ನೆನಪಾಯಿತು.

“ಹಳೇ ಕುಸ್ತಿ ರೆಕಾರ್ಡಿಂಗ್ ಅದಾವಲ್ರಿ?” ನೀಲವ್ವ ಕೇಳಿದಳು.

“ಅದರಾಗ ಬರೇ ಒದರೂದದ ಅವ್ವಾರ, ಸುತ್ತ ಮಂದಿ ಗದ್ದಲ. ಮನ್ಯಾಗ ಸಾದಾ ಮಾತಾಡಿದ್ದು ಏನರೆ ಅದ ಏನ್ರಿ?”

ಉಪ್ಪು ಕೊಡು, ಕದ ಹಾಕು ಎಂದದ್ದನ್ನು ಯಾರು ಹಿಡಿದಿಡುತ್ತಾರೆ? ನಾಳೆಯೂ ಆ ದನಿ ಇದ್ದೇ ಇರುತ್ತದೆ ಎಂದುಕೊಂಡೇ ಎಲ್ಲರೂ ಬಾಳುವುದು. ನೀಲವ್ವನ ಕಣ್ಣು ತುಂಬಿತು.

ಈರಸಂಗಪ್ಪ ಅವಸರದಲ್ಲಿ ಒತ್ತಿದ: “ಅಳಬ್ಯಾಡ. ನಾ ಆರಾಮ ಅದೀನಿ.”

ಬಿಲ್ಲೆ ಅದನ್ನೂ ನಡುಗುತ್ತಲೇ ಹೇಳಿತು. ನೀಲವ್ವ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸಾಕ್ರಿ, ಮಾತಾಡಬ್ಯಾಡ್ರಿ. ನೀವು ಮಾತಾಡಿದ್ರ ನನಗ ಅಂಜಿಕಿ ಬರತೈತಿ.”